ಮುಳಗುಂದದಲ್ಲಿ ಇಲ್ಲದ ಮುಳಗುಂದರು

ಮುನ್ನೂರು ವರ್ಷಗಳಲ್ಲಿ ನಿಮ್ಮ ಅಡ್ಡಹೆಸರಿನವರು ಹೆಚ್ಚಾಗಿ ಬಾಳಿದ ಊರು, ಅಡ್ಡಹೆಸರಿಗೊಂದರಂತೆ ಇರುವ ಸರ್ಕಾರಿ ನಕ್ಷೆಯಲ್ಲಿ ಕಪ್ಪಗಿರುತ್ತದೆ. ಕಾನೂನಿನಂತೆ ಹೆಣ ಹೂಳಲು ಜಾಗ ಸಿಗುವುದು ಅಲ್ಲಿ ಮಾತ್ರ. ಈರಪ್ಪ ಮುಳಗುಂದ ಸಾಯುವಾಗ ತನ್ನ ಅಜ್ಜನ ಮಗ್ಗುಲಲ್ಲೇ ಮಣ್ಣು ಮಾಡೆಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದ. ಶಿವಲೀಲವ್ವ ಅವನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಯಿಂದ ಮುಳಗುಂದಕ್ಕೆ ಬಂದಳು.

ಅಲ್ಲಿನ ಸ್ಮಶಾನದ ಗುಮಾಸ್ತ ನಕ್ಷೆ ನೋಡಿ ಅಡ್ಡಡ್ಡ ತಲೆಯಾಡಿಸಿದ. "ನಿಮ್ಮ ಹೆಸರು ಹುಬ್ಬಳ್ಳ್ಯಾಗ ಕಪ್ಪಗೈತ್ರಿ ಯವ್ವಾ. ಇಲ್ಲಿ ಮುಳಗುಂದ ಅನ್ನೋರು ಒಬ್ರೂ ಇದ್ದಿಲ್ಲ."

"ಇಲ್ಲಿ ಯಾರು ಹಂಗ ಕರೀತಾರೋ ತಮ್ಮಾ? ಊರು ಬಿಟ್ಟು ಹೋದವ್ರಿಗೆ ಹೋದಲ್ಲಿ ಮಂದಿ ಇಟ್ಟ ಹೆಸರದು! ಇವರ ಮುತ್ಯಾ ಇಲ್ಲೇ ಮಣ್ಣಾಗ್ಯಾನ."

"ನಕ್ಷಾ ಸುಳ್ಳು ಹೇಳಂಗಿಲ್ರಿ."

"ನಿನ್ನ ನಕ್ಷಾಕ್ಕ ಬೆಂಕಿ ಹಚ್ಚಲಿ!"

ಶಿವಲೀಲವ್ವ ಅವನ ಕಪ್ಪು ಶಾಯಿಪ್ಯಾಡಿನಲ್ಲಿ ಹೆಬ್ಬೆಟ್ಟು ಅದ್ದಿ, ನಕ್ಷೆಯಲ್ಲಿ ಬೆಳ್ಳಗಿದ್ದ ಮುಳಗುಂದದ ಮೇಲೆ ಒತ್ತಿದಳು.

"ಈಗ ಒಬ್ರು ಅದಾರ. ಗುದ್ದಲಿ ತೊಗೊಂಡು ಬಾ."