ಸುಮನಾ ಎಂಬ ವಿದ್ಯಾರ್ಥಿನಿ

ಅವರಿಬ್ಬರೂ ಮತ್ತೆ ಬಂದಿದ್ದರು. ಕಬ್ಬಿಣದ ಬೀರುವಿನ ಹಿಂದಿನಿಂದ ಉದಯಕುಮಾರ್ ಇಣುಕಿ ನೋಡಿದ. ಮುಂದೆ ಚನ್ನವೀರಯ್ಯ, ಹಿಂದೆ ಕೂದಲು ಗಿಡ್ಡವಾಗಿ ಕತ್ತರಿಸಿಕೊಂಡ ಆ ಹೆಂಗಸು. ಅವಳ ಕೈಯಲ್ಲಿ ಮೊಬೈಲ್ ಆಗಲೇ ಸಿದ್ಧವಾಗಿತ್ತು.

"ಏನೂ ಕೊಡಬೇಡಿ," ಎಂದು ಪ್ರಿನ್ಸಿಪಾಲ್ ಗುರುಪ್ರಕಾಶ್ ಬೆಳಿಗ್ಗೆಯೇ ಎಚ್ಚರಿಸಿದ್ದರು. "ಅವರ ಮಗಳು ಯಾವತ್ತೋ ಇಲ್ಲಿ ಓದಿದ್ದಳಂತೆ. ಹೋದ ವರ್ಷ ಹೈವೇಲಿ ಲಾರಿ ಹೊಡೀತಂತೆ. ಪಾಪ, ಒಬ್ಬಳೇ ಮಗಳು. ಪರಿಹಾರದ ಕೇಸಿಗೆ ದಾಖಲೆ ಹುಡುಕ್ತಿರ್ಬೇಕು. ಒಂದು ಜೆರಾಕ್ಸ್ ಹೊರಗೆ ಹೋದ್ರೂ ನಾವು ಕೋರ್ಟಿಗೆ ಅಲೀಬೇಕಾಗುತ್ತೆ. ಜೊತೇಲಿರೋಳು ಲಾಯರೇ ಇರ್ಬೇಕು."

ಗುರುಪ್ರಕಾಶ್ ಈ ಕಾಲೇಜಿಗೆ ಬಂದು ವರ್ಷವಾಗಿರಲಿಲ್ಲ. ಬಂದದ್ದೇ ಬಾಗಿಲು ಹಾಕಿಸುವುದಕ್ಕೆ. ಕುಣಿಗಲ್‌ನ ಈ ಪುಟ್ಟ ಕಾಲೇಜಿಗೆ ಮಕ್ಕಳು ಸೇರುವುದು ನಿಂತಿತ್ತು. ಆಡಳಿತ ಮಂಡಳಿ ಅದನ್ನು ತುಮಕೂರಿನ ತನ್ನ ದೊಡ್ಡ ಕಾಲೇಜಿಗೆ ಸೇರಿಸಿತ್ತು. ಹಳೆಯ ಕಾಗದಪತ್ರಗಳನ್ನು ವಿಂಗಡಿಸಿ ಪೆಟ್ಟಿಗೆಗೆ ತುಂಬಲು ಉದಯಕುಮಾರ್‌ನನ್ನು ತಾತ್ಕಾಲಿಕವಾಗಿ ಇಟ್ಟುಕೊಂಡಿದ್ದರು. ಪ್ರವೇಶ ಅರ್ಜಿಗಳು, ಹಾಜರಿ, ವಾರ್ಷಿಕ ಸಂಚಿಕೆಗಳು, ಗೋಡೆಪತ್ರಿಕೆಯ ಹಾಳೆಗಳು, ಒಡೆದ ಬೀಕರಿಗೆ ಯಾರೋ ಕಟ್ಟಿದ ದಂಡದ ರಸೀದಿ. ಒಂದು ಕಾಲೇಜಿನ ಇಡೀ ಬದುಕು. ಇವತ್ತು ಟೆಂಪೋ ಬಂದು ಒಯ್ದರೆ, ತುಮಕೂರಿನ ಗೋದಾಮಿನಲ್ಲಿ ಅದನ್ನು ಇನ್ನು ಯಾರೂ ತೆರೆಯುವುದಿಲ್ಲ.

"ಇವತ್ತೊಂದಿನ ತೋರ್ಸಿ ಸ್ವಾಮಿ," ಎಂದರು ಚನ್ನವೀರಯ್ಯ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ತುಮಕೂರಿನಲ್ಲಿ ಬಸ್ಸು ಬದಲಿಸಿಕೊಂಡು ಬಂದು, ಬಾಗಿಲಲ್ಲೇ ಕೈಮುಗಿದು ನಿಂತಿದ್ದರು.

"ಆರ್ಡರ್ ಇಲ್ಲ ಯಜಮಾನ್ರೇ. ನನ್ನ ಕೈಲಿ ಏನೂ ಇಲ್ಲ."

"ಕಾಪಿ ಬ್ಯಾಡ. ನೋಡಿ ಇಲ್ಲೇ ಕೊಡ್ತೀವಿ."

"ಮನೇಲಿ ಫೋಟೋ ಗೀಟೋ ಇಲ್ವಾ?"

"ಎಲ್ಲಾ ಅದೆ. ಎಲ್ಲಾ ನೋಡಾಯ್ತು. ಅದು ನಾವು ಹೇಳೋ ಸುಮನಾ. ಇಲ್ಲಿರೋದು ಅವಳೇ ಬರ್ದಿದ್ದು." ಅವರ ದನಿ ಇಳಿಯಿತು. "ನಮ್ಮನೇಲಿ ಅವಳ ನಗು ಕೇಳಿ ವರ್ಷ ಆಯ್ತು ಸ್ವಾಮಿ."

ಉದಯಕುಮಾರ್ ಪ್ರಿನ್ಸಿಪಾಲರ ಕೋಣೆಯತ್ತ ಒಮ್ಮೆ ನೋಡಿ, ಸುಮನಾಳ ಕಾಗದಗಳ ಕಟ್ಟು ಬಿಚ್ಚಿದ. ಅರ್ಜಿಯ ಮೇಲಿನ ಫೋಟೋವನ್ನು ಹುಳು ತಿಂದಿತ್ತು. ಮುಖ ಹೋಗಿ ಎರಡು ಜಡೆ ಮಾತ್ರ ಉಳಿದಿದ್ದವು.

ಹೆಂಗಸು ಮೊಬೈಲನ್ನು ಮೇಜಿನ ಮೇಲಿಟ್ಟು ರೆಕಾರ್ಡಿಂಗ್ ಒತ್ತಿದಳು.

"ಆ ಹುಡುಗಿ ಓದೋದ್ರಲ್ಲಿ ಹೇಗಿದ್ಲು?"

"ಸುಮಾರು. ಇಂಗ್ಲಿಷಲ್ಲಿ ಒಂದ್ಸಲ ಫೇಲ್ ಆಗಿದಾರೆ."

"ಸ್ನೇಹಿತರು?"

"ಕಮಲ ಅಂತ ಒಬ್ರು. ನಾಟಕ, ಚರ್ಚಾಸ್ಪರ್ಧೆ, ಎಲ್ಲದ್ರಲ್ಲೂ ಇಬ್ರ ಹೆಸರೂ ಒಟ್ಟಿಗೇ ಇದೆ. ಅವರನ್ನ ಕೇಳಿದ್ರಾ?"

"ಮನೆಗೆ ಬಂದಿದ್ಲು," ಎಂದರು ಚನ್ನವೀರಯ್ಯ. "ಅತ್ಕೊಂಡು ಹೋದ್ಲು."

ಹೆಂಗಸು ಹಾಳೆಗಳನ್ನು ಮಗುಚಿದಳು. ಮತ್ತೆ ತಲೆಯೆತ್ತಿದಳು. "ಓದೋದ್ರಲ್ಲಿ ಹೇಗಿದ್ಲು ಆ ಹುಡುಗಿ?"

ಅದೇ ಪ್ರಶ್ನೆ, ಅದೇ ದನಿ. ಉದಯಕುಮಾರ್ ಹುಷಾರಾದ. ಮಾತು ಬದಲಿಸುತ್ತೇನೋ ಎಂದು ಪರೀಕ್ಷಿಸುತ್ತಿದ್ದಾಳೆ. ಮೊದಲಿನ ಉತ್ತರವನ್ನೇ ಅಕ್ಷರ ತಪ್ಪದೆ ಕೊಟ್ಟ.

"ತುಂಬಾ ಮಾತಾಡ್ತಿದ್ಲಂತೆ. ಇವರು ಹೇಳ್ತಾರೆ." ಅವಳು ಚನ್ನವೀರಯ್ಯನವರತ್ತ ಬೆರಳು ತೋರಿಸಿದಳು. ಅವರು ಮುಖ ಕಿಟಕಿಯತ್ತ ತಿರುಗಿಸಿಕೊಂಡರು.

ಕಟ್ಟಿನ ತಳದಲ್ಲಿ ಒಂದು ತಪ್ಪೊಪ್ಪಿಗೆ ಪತ್ರವಿತ್ತು. ಅವಳು ಅದನ್ನು ಗಟ್ಟಿಯಾಗಿ ಓದಿದಳು.

"ಸುಮನಾ ಎಂಬ ವಿದ್ಯಾರ್ಥಿನಿಯಾದ ನಾನು ತರಗತಿ ತಪ್ಪಿಸಿ ದೇವರಾಯನದುರ್ಗಕ್ಕೆ ಹೋಗಿದ್ದು ನಿಜ. ಬೆಟ್ಟದ ಮೇಲೆ ಮೋಡ ಕೈಗೆ ಸಿಗುತ್ತದೆ ಎಂದು ಕಮಲ ಹೇಳಿದಳು. ನಂಬಿ ಹೋದೆ. ಸಿಕ್ಕಿತು. ಆದ್ದರಿಂದ ದಯವಿಟ್ಟು ಕ್ಷಮಿಸಬೇಕು."

ಉದಯಕುಮಾರ್‌ಗೆ ನಗು ಬಂತು. ಚನ್ನವೀರಯ್ಯ ನಗಲಿಲ್ಲ. ಪತ್ರದತ್ತ ನೋಡಲೂ ಇಲ್ಲ. ಓದುತ್ತಿದ್ದವಳ ಮುಖವನ್ನೇ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವಳ ತುಟಿ ತುಸು ಅರಳಿದಾಗ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಅವಳು ಪತ್ರ ಮಡಿಸಿದಳು. ಅವರು ಮೆಲ್ಲಗೆ ಕುಳಿತರು.

ಹೊರಗೆ ಟೆಂಪೋ ಹಾರ್ನ್ ಹೊಡೆಯಿತು. ಬಾಗಿಲಲ್ಲಿ ಗುರುಪ್ರಕಾಶ್ ನಿಂತಿದ್ದರು.

"ಏನ್ರೀ ಇದು? ಬೆಳಿಗ್ಗೆ ಏನು ಹೇಳಿದ್ದೆ?"

"ಆ ಕಾಗದ ಒಂದನ್ನ ಕೊಡಿ ಸಾರ್," ಎಂದರು ಚನ್ನವೀರಯ್ಯ. "ಕಾಲಿಗೆ ಬೀಳ್ತೀನಿ."

"ರೂಲ್ಸ್ ಇಲ್ಲ ಯಜಮಾನ್ರೇ. ಆಡಳಿತ ಮಂಡಳಿಗೆ ಅರ್ಜಿ ಹಾಕಿ."

ಗುರುಪ್ರಕಾಶ್ ಪತ್ರವನ್ನು ತಾವೇ ಕಟ್ಟಿನೊಳಗೆ ತುರುಕಿದರು. ಪೆಟ್ಟಿಗೆಗೆ ಟೇಪು ಸುತ್ತುವ ಕೆಲಸ ಉದಯಕುಮಾರ್‌ನದು. ಸುತ್ತಿದ. ಟೆಂಪೋಗೆ ಏರಿಸಿದ್ದೂ ಅವನೇ. ಚನ್ನವೀರಯ್ಯ ಜಗಲಿಯ ಕಂಬ ಹಿಡಿದು, ಟೆಂಪೋ ಗೇಟು ದಾಟುವವರೆಗೂ ನೋಡಿದರು.

ಉದಯಕುಮಾರ್‌ಗೆ ತಡೆಯಲಾಗಲಿಲ್ಲ. ಹೆಂಗಸಿನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ. "ನನ್ನ ಕೈಲಾಗಿದ್ದು ಇಷ್ಟೇ ಮೇಡಂ. ಕೇಸು ಹೆಂಗಾದ್ರೂ ಗೆಲ್ಲಿಸ್ಕೊಡಿ."

"ಯಾವ ಕೇಸು?"

ಅವಳು ನಿಜವಾಗಿಯೂ ಗೊತ್ತಿಲ್ಲದವಳಂತೆ ಅವನನ್ನು ನೋಡಿದಳು. ಆಮೇಲೆ ಚನ್ನವೀರಯ್ಯನವರ ಕಡೆ ತಿರುಗಿದಳು. ಕಿವಿಯ ಹಿಂದೆ, ಗಿಡ್ಡ ಕೂದಲಿನ ನಡುವೆ, ಉದ್ದನೆಯ ಹೊಲಿಗೆಯ ಗುರುತು ಕಂಡಿತು.

"ಎಷ್ಟು ಚೆನ್ನಾಗಿ ಬರ್ದಿದಾಳೆ ಆ ಹುಡುಗಿ! ಒಂದ್ಸಲ ಮಾತಾಡಿಸ್ಬೇಕು. ಈಗ ಎಲ್ಲಿದಾಳೆ?"

ಚನ್ನವೀರಯ್ಯ ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಹೇಳಿ ಹೇಳಿ ಸವೆದುಹೋದ ದನಿಯಲ್ಲಿ ಇನ್ನೊಮ್ಮೆ ಹೇಳಿದರು.

"ನೀನೇ ಕಣವ್ವ, ಸುಮನಾ."