ಖಾಲಿ ಬೀಸಬಾರದು

ಕಾಫಿ ಬೀಜ ಬೀಸುವ ವಾಸನೆ ಎಲ್ಲಿ ಬಂದರೂ ನಾನು ಇಂದಿಗೂ ಅದರಲ್ಲಿ ಜೋಳದ ಹಿಟ್ಟಿನ ವಾಸನೆ ಹುಡುಕುತ್ತೇನೆ.

ಮೈಸೂರು ಸೀಮೆಗೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಅಲ್ಲಿ ಅವಳಿಗೆ ಕಾಫಿ ರೂಢಿಯಾಗಿತ್ತು. ನಮ್ಮ ಮನೆಯಲ್ಲಿ ಚಹಾ ಕೂಡ ಅಪರೂಪ. ಅವ್ವ ಬಂಡಿ ಕಟ್ಟಿಸಿ, ನನ್ನನ್ನೂ ಕೂರಿಸಿಕೊಂಡು ನವಾಬರ ಸವಣೂರಿನ ಪೇಟೆಗೆ ಹೊರಟಳು. ಅಂಗಡಿಯ ಸಾಹೇಬರು ಕಾಫಿ ಬೀಸುವ ಯಂತ್ರಗಳನ್ನು ಮುಂದಿಟ್ಟರು. ಸಣ್ಣದು ಆಟದ ಸಾಮಾನಿನಂತಿತ್ತು, ದೊಡ್ಡದು ಹೋಟೆಲಿನವರಿಗೆ. ಅವ್ವ ನಡುವಿನದರ ಕಬ್ಬಿಣದ ಹಿಡಿಕೆ ಸವರಿದಳು.

"ತಿರುವಿ ನೋಡ್ರೆವ್ವಾ," ಅಂದರು ಸಾಹೇಬರು.

"ಖಾಲಿ ಬೀಸಬಾರದ್ರಿ, ಮನಿಗೆ ಚೊಲೋ ಅಲ್ಲ," ಎಂದ ಅವ್ವ, ಆಗಷ್ಟೇ ಕೊಂಡಿದ್ದ ಜೋಳವನ್ನು ಚೀಲದಿಂದ ಒಂದು ಹಿಡಿ ತೆಗೆದು ಯಂತ್ರಕ್ಕೆ ಸುರಿದೇಬಿಟ್ಟಳು. ಸಾಹೇಬರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅವ್ವ ಬಿದ್ದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, "ನುಣ್ಣಗ ಬೀಳತೈತಿ, ಇದನ್ನ ಕೊಡ್ರಿ," ಎಂದಳು.

ಎಷ್ಟು ಒರೆಸಿದರೂ ಆ ಹಿಟ್ಟು ಯಂತ್ರದ ಹಲ್ಲುಗಳ ಸಂದಿಯಿಂದ ಹೋಗಲಿಲ್ಲ. ಅಕ್ಕ ಬಂದ ದಿನ ಕಾಫಿಯ ಮೊದಲ ಗುಟುಕು ಕುಡಿದು, ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು.

"ಯಾಕವಾ, ಕೆಟ್ಟೈತೇನು?" ಅವ್ವನ ದನಿ ಇಳಿದಿತ್ತು.

"ಇಲ್ಲವ್ವಾ," ಅಂದಳು ಅಕ್ಕ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಅಲ್ಲಿ ದಿನಾ ಕುಡಿತೇನಿ. ನಮ್ಮನಿ ವಾಸನಿ ಒಂದ್ ದಿನಾನೂ ಬಂದಿಲ್ಲ."