ಸಿದ್ದಲಿಂಗಪ್ಪನವರ ಬುನಾದಿ

ಗಾಜಿನ ಪಟ್ಟಿ ಸರಿಯಾಗಿ ನಡುವೆ ಒಡೆದಿತ್ತು. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಸಿದ್ದಲಿಂಗಪ್ಪನವರು ಅಡುಗೆಮನೆಯ ಗೋಡೆಯೆದುರು ಕಂಬವಾದರು.

"ಒಡೀತೇನ್ರಿ?" ನೆಲದ ಮೇಲೆ ಕೂತು ಕುಟ್ಟಾಣಿಯಲ್ಲಿ ಶುಂಠಿ ಜಜ್ಜುತ್ತಿದ್ದ ಹೆಂಡತಿ ಶಿವಗಂಗವ್ವ ತಲೆಯೆತ್ತದೆ ಕೇಳಿದಳು.

ಕಸಬಾ ಪೇಠೆಯ ಆ ಹಳೆಯ ವಾಡೆಯಲ್ಲಿ ಅರ್ಧ ಇವರದು, ಅರ್ಧ ರಘುರಾಮಪಂತರದು. ನಡುವೆ ಒಂದೇ ಗೋಡೆ. ಈಚೆ ಇವರ ಅಡುಗೆಮನೆ, ಆಚೆ ಅವರದು. ಗೋಡೆಯಲ್ಲಿದ್ದ ಬಿರುಕಿಗೆ ಮೇಸ್ತ್ರಿ ಅಂಬಾರಾಯ ಎರಡೂ ಕಡೆ ತೆಳು ಗಾಜಿನ ಪಟ್ಟಿಯನ್ನು ಅಡ್ಡಲಾಗಿ ಸಿಮೆಂಟಿನಿಂದ ಅಂಟಿಸಿ ಹೋಗಿದ್ದ. "ಬುನಾದಿ ಕುಂತ್ರ ಗಾಜು ತಾನ ಒಡಿತದ್ರಿ. ಸಂಕ್ರಾಂತಿ ತನಕ ಒಡಿಲಿಲ್ಲಂದ್ರ ಚಿಂತಿ ಬ್ಯಾಡ."

ಸಂಕ್ರಾಂತಿ ಇನ್ನೂ ಬಂದಿರಲಿಲ್ಲ.

ಇಷ್ಟಕ್ಕೂ ಬುನಾದಿಯ ಮಾತು ಎತ್ತಿದವರು ಸಿದ್ದಲಿಂಗಪ್ಪನವರೇ. ನೆಲದ ಮೇಲೆ ಕೂತು ರೊಟ್ಟಿ ಬಡಿದು ಬಡಿದು ಮೊಣಕಾಲು ಹಿಡಿದುಕೊಂಡಿದ್ದ ಶಿವಗಂಗವ್ವ, ನಿಂತು ಅಡುಗೆ ಮಾಡಲು ಒಂದು ಕಲ್ಲಿನ ಕಟ್ಟೆ ಬೇಕೆಂದು ವರ್ಷಗಟ್ಟಲೆ ಕೇಳಿದ್ದಳು. "ಹಳೀ ಮನಿ, ಬುನಾದಿ ಪೊಳ್ಳ ಅದ. ಕಟ್ಟಿ ಭಾರ ತಡಿಯೂದಿಲ್ಲ," ಎಂದು ಅವರು ಪ್ರತಿ ಸಲವೂ ಎಂಜಿನಿಯರರ ಗಾಂಭೀರ್ಯದಲ್ಲಿ ಹೇಳುತ್ತಿದ್ದರು. ಬುನಾದಿಯನ್ನು ಅವರು ಕಂಡವರೇ ಅಲ್ಲ. ಕಣ್ಣಿದ್ದದ್ದು ಸ್ಕೂಟರಿನ ಮೇಲೆ; ಕೂಡಿಟ್ಟ ದುಡ್ಡೆಲ್ಲ ಅದಕ್ಕೇ. ಹೆಸರು ಬರೆಸಿ ಕಾದು ಕಾದು ಈಗ ಸರದಿ ಬರುವುದರಲ್ಲಿತ್ತು. ಭೋಸರಿಯ ಕಾರ್ಖಾನೆಗೆ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋಗುವ ಗುಮಾಸ್ತರಿಗೆ ಅದಕ್ಕಿಂತ ದೊಡ್ಡ ಮೋಕ್ಷ ಬೇರಿರಲಿಲ್ಲ.

ಹಾಗಾದರೆ ಒಮ್ಮೆ ತೋರಿಸಿಯೇ ಬಿಡೋಣ ಎಂದು ಶಿವಗಂಗವ್ವನೇ ಮೇಸ್ತ್ರಿಯನ್ನು ಕರೆಸಿದ್ದಳು. ಸುಳ್ಳೊಂದು ಇಷ್ಟು ಪ್ರಾಮಾಣಿಕವಾಗಿ ನಿಜವಾದದ್ದನ್ನು ಸಿದ್ದಲಿಂಗಪ್ಪನವರು ಅದುವರೆಗೆ ಕಂಡಿರಲಿಲ್ಲ.

ರಘುರಾಮಪಂತರು ಬಂದು ನೋಡಿ, ಮರುಗಿ, ಸಕ್ಕರೆಯಂಥ ಮರಾಠಿಯಲ್ಲಿ ತೀರ್ಪು ಕೊಟ್ಟರು: ತಮ್ಮ ಕಡೆಯ ಗಾಜು ಗಟ್ಟಿಯಾಗಿದೆ, ಒಡೆದದ್ದು ನಿಮ್ಮದು, ಖರ್ಚೂ ನಿಮ್ಮದೇ.

ಸಿದ್ದಲಿಂಗಪ್ಪನವರ ಕನಸಿನ ಸ್ಕೂಟರು ಹೊಗೆಯುಗುಳುತ್ತ ಕಣ್ಮುಂದೆಯೇ ತಿರುವು ದಾಟಿತು.

ಸಂಕ್ರಾಂತಿಯ ಬೆಳಿಗ್ಗೆ ಚಹಾ ಸಪ್ಪೆಯಿತ್ತು. ಶುಂಠಿ ಎಲ್ಲಿ ಎಂದರೆ, ಕುಟ್ಟಾಣಿಯೇ ಮನೆಯಲ್ಲಿಲ್ಲವಂತೆ. ಶೇಂಗಾ ಕುಟ್ಟಲು ಪಂತರ ಹೆಂಡತಿ ಇಂದೂಬಾಯಿ ಒಯ್ದಿದ್ದಾಳಂತೆ. ಸಿದ್ದಲಿಂಗಪ್ಪನವರಿಗೆ ಚಹಾದ ಮೇಲೆ ಗಮನವಿರಲಿಲ್ಲ. ಒಂದು ಜೇಬಿನಲ್ಲಿ ಎಳ್ಳುಂಡೆ, ಇನ್ನೊಂದರಲ್ಲಿ ಮುಷ್ಟಿಗಾತ್ರದ ಕಲ್ಲು ಇಟ್ಟುಕೊಂಡು ಹಬ್ಬದ ನೆಪದಲ್ಲಿ ಪಕ್ಕದ ಮನೆಗೆ ಹೊರಟರು. ಆಚೆಯ ಗಾಜೂ ಒಡೆದರೆ ಖರ್ಚು ಅರ್ಧರ್ಧ.

ಪಂತರು ಮೆಟ್ಟಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದರು. ಅವರ ಗಾಜು ಆಗಲೇ ಒಡೆದಿತ್ತು. ಒಳಗೆ ಇಂದೂಬಾಯಿ ಏನೂ ಆಗದವಳಂತೆ ಶೇಂಗಾ ಕುಟ್ಟುತ್ತಿದ್ದಳು.

ಸಿದ್ದಲಿಂಗಪ್ಪನವರಿಗೆ ಕುಣಿಯಬೇಕೆನಿಸಿತು. ಎಳ್ಳುಂಡೆಯನ್ನು ಪಂತರ ಬಾಯಿಗೆ ತಾವೇ ತುರುಕಿ, ಸಿಹಿಯಾಗಿ ಮಾತಾಡಿ ಎಂದು ಮರಾಠಿಯಲ್ಲಿ ಹಾರೈಸಿ, ಬೀದಿಗೆ ಬಂದು ಕಲ್ಲನ್ನು ಗಟಾರಕ್ಕೆ ಎಸೆದರು. ಮಾಡದ ಪಾಪದ ಹಗುರತನ ದೊಡ್ಡದು.

ಎರಡೂ ಅಡುಗೆಮನೆಗಳ ನೆಲ ಕಿತ್ತರು. ಅಗೆದಷ್ಟೂ ಆಳುಗಳ ಕೂಲಿ ಏರಿತು. ಸ್ಕೂಟರಿನ ಸರದಿ ಬಂದು, ದುಡ್ಡು ಕಟ್ಟಲಾಗದೆ ಬೇರೆ ಯಾರ ಪಾಲಿಗೋ ಹೋಯಿತು. ಕೊನೆಗೆ ಹಾರೆ ಠಣ್ಣೆಂದಿತು. ಕೆಳಗೆ ಅಖಂಡ ಕಪ್ಪು ಬಂಡೆ. ಗೋಡೆ ಅದರ ಮೇಲೆಯೇ ಕೂತಿತ್ತು.

"ಇದು ಅಲುಗೂ ಬುನಾದಿ ಅಲ್ರಿ," ಎಂದ ಅಂಬಾರಾಯ. "ಇದರ ಮ್ಯಾಲ ಇನ್ನೂ ಮೂರು ಮಹಡಿ ಏರಿಸ್ಬಹುದು."

ಹಾಗಾದರೆ ಗಾಜು ಒಡೆದದ್ದು ಯಾರ ಕೈ ಎಂದು ಸಿದ್ದಲಿಂಗಪ್ಪನವರು ಪಂತರನ್ನು ದುರುಗುಟ್ಟಿ ನೋಡಿದರು. ಪಂತರು ಅವರಿಗಿಂತ ಮೊದಲೇ ದುರುಗುಟ್ಟುತ್ತಿದ್ದರು. ಆದರೆ ಗಟಾರದ ಕಲ್ಲು ನೆನಪಾಗಿ ಇವರೇ ಕಣ್ಣು ತಗ್ಗಿಸಿದರು.

ಆಗ ಶಿವಗಂಗವ್ವ ಹಿಂದಿನಿಂದ ಮೆಲ್ಲಗೆ ಕೇಳಿದಳು: "ಹೆಂಗೂ ನೆಲ ಕಿತ್ತದ. ಬುನಾದಿನೂ ಗಟ್ಟಿ ಅದ ಅಂತಾನ. ಈಗ ಕಟ್ಟಿ ಭಾರ ತಡಿತದಲ್ರಿ?"

ಗೋಡೆಯ ಈಚೆಗೊಂದು, ಆಚೆಗೊಂದು ಕಟ್ಟೆ ಎದ್ದಿತು. ಇಂದೂಬಾಯಿ ಕುಟ್ಟಾಣಿ ಮರಳಿಸಿದ ದಿನ, ಬಸ್ಸಿನಿಂದಿಳಿದು ಮೈ ಹಣ್ಣಾಗಿ ಬಂದ ಸಿದ್ದಲಿಂಗಪ್ಪನವರು ಶುಂಠಿ ಚಹಾ ಕೇಳಿದರು.

ಹೊಸ ಕಟ್ಟೆಯ ಮುಂದೆ ನೆಟ್ಟಗೆ ನಿಂತಿದ್ದ ಶಿವಗಂಗವ್ವ ಕುಟ್ಟಾಣಿಯ ಗುಂಡನ್ನು ಸೆರಗಿನಿಂದ ಒರೆಸುತ್ತ ಅಂದಳು: "ತಡೀರಿ, ಎರಡು ಮನಿ ಗಾಜು ಒಡದು ಪಾಪ ಇದೂ ದಣದದ."